ಚಟವೂ ಇದೆ, ಮನೋರೋಗವೂ ಇದೆ: ಅಂಥವರನ್ನು ನೋಡಿಕೊಳ್ಳುವ ಸಿಬ್ಬಂದಿ ಏನನ್ನು ಕಲಿಯಬೇಕು?

ಮೂವತ್ತೆಂಟು ವರ್ಷದ ಗಾರೆ ಕೆಲಸದವನೊಬ್ಬನನ್ನು ಊಹಿಸಿಕೊಳ್ಳಿ. ಹತ್ತು ವರ್ಷಗಳಿಂದ ಕುಡಿಯುತ್ತಿದ್ದಾನೆ. ಕಳೆದ ಒಂದು ವರ್ಷದಿಂದ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಪಿಸುಗುಟ್ಟುತ್ತಾರೆ, ತನ್ನ ಊಟಕ್ಕೆ ಏನೋ ಬೆರೆಸುತ್ತಾರೆ ಎನ್ನತೊಡಗಿದ್ದಾನೆ. ಹೆಂಡತಿ ಅವನನ್ನು ಮನೋವೈದ್ಯರ ಬಳಿ ಕರೆದೊಯ್ದರೆ, ಹೊರಗೆ ಚೀಟಿ ಬರೆಯುವವರು ಬಾಯಿಯ ವಾಸನೆ ಹಿಡಿದು, “ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ” ಎನ್ನುತ್ತಾರೆ. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ, “ಇವರಿಗೆ ತಲೆಯ ತೊಂದರೆಯೂ ಇದೆ, ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ” ಎನ್ನುತ್ತಾರೆ. ಎರಡು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋದ ಮೇಲೆ, ಮೂರನೆಯ ಬಾರಿ ಆ ಹೆಂಡತಿ ಎಲ್ಲಿಗೂ ಹೊರಡುವುದಿಲ್ಲ.

ಈ ಮನುಷ್ಯ ಕಲ್ಪನೆಯವನಾದರೂ ಇಂಥ ಅಲೆದಾಟ ಅಪರೂಪವಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮನೋರೋಗದ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿದೆ. ಅಂದರೆ ಕಾನೂನಿನ ಮಟ್ಟಿಗೆ ಈ ಎರಡು ಬಾಗಿಲುಗಳ ನಡುವೆ ಗೋಡೆ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡುವವರೂ “ನನ್ನದು ಕುಡಿತದ ಸಮಸ್ಯೆ” ಅಥವಾ “ನನ್ನದು ಮನಸ್ಸಿನ ಸಮಸ್ಯೆ” ಎಂದು ವಿಂಗಡಿಸಿಕೊಂಡು ಬರುವುದಿಲ್ಲ. ನಿದ್ದೆ ಬರುವುದಿಲ್ಲ, ಕುಡಿಯದಿದ್ದರೆ ಕೈ ನಡುಗುತ್ತದೆ, ಬದುಕುವುದೇ ಬೇಡ ಅನಿಸುತ್ತದೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆ ಕರೆಯನ್ನು ಎತ್ತಿಕೊಳ್ಳುವವರಿಗೆ, ಆಸ್ಪತ್ರೆಯಲ್ಲಿ ಆ ಚೀಟಿ ಬರೆಯುವವರಿಗೆ, ವಾರ್ಡಿನ ರಾತ್ರಿ ಪಾಳಿಯ ನರ್ಸಿಗೆ ಏನು ಗೊತ್ತಿರಬೇಕು ಎಂಬುದೇ ಈ ಲೇಖನದ ವಿಷಯ.

ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ

ಒಬ್ಬರಲ್ಲೇ ಮನೋರೋಗವೂ ಮದ್ಯ ಅಥವಾ ಮಾದಕ ವಸ್ತುವಿನ ಸಮಸ್ಯೆಯೂ ಇರುವ ಸ್ಥಿತಿಯನ್ನು ವೈದ್ಯರು ‘ಡ್ಯುಯಲ್ ಡಯಾಗ್ನೋಸಿಸ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಪದವಿಲ್ಲ. ಈ ಲೇಖನದಲ್ಲಿ ‘ಜೋಡಿ ಸಮಸ್ಯೆ’ ಎಂದು ಕರೆಯೋಣ. ಜೋಡಿಯ ಒಂದು ಕಡೆ ಖಿನ್ನತೆ, ಆತಂಕ, ಬೈಪೋಲಾರ್ (ಮನಸ್ಸು ಕೆಲಕಾಲ ಅತಿಯಾಗಿ ಉಬ್ಬಿ, ಕೆಲಕಾಲ ಕುಸಿಯುವ ರೋಗ), ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳುವ, ಬಲವಾದ ಸಂಶಯ ಕಾಡುವ ರೋಗ) ಯಾವುದಾದರೂ ಇರಬಹುದು. ಇನ್ನೊಂದು ಕಡೆ ಮದ್ಯ, ಗಾಂಜಾ, ಬೀಡಿ-ಗುಟ್ಕಾ, ನಿದ್ದೆ ಮಾತ್ರೆ, ನೋವಿನ ಮಾತ್ರೆ, ಹೆರಾಯಿನ್ ಇರಬಹುದು. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಮದ್ಯ ಮತ್ತು ತಂಬಾಕಾದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ತೆಗೆದುಕೊಂಡಿದ್ದೇನೆ.

ಕುಡಿಯುವುದೆಲ್ಲ ರೋಗವಲ್ಲ. ಕುಡಿತದಿಂದ ದೇಹಕ್ಕೋ ಮನಸ್ಸಿಗೋ ಪೆಟ್ಟು ಬಿದ್ದಿದ್ದರೆ ಅದು ‘ಹಾನಿಕಾರಕ ಬಳಕೆ’. ಬೇಕೆನ್ನುವ ಹಪಾಹಪಿ, ಎಷ್ಟು ಕುಡಿಯಬೇಕೆಂಬ ಹಿಡಿತ ತಪ್ಪುವುದು, ಮೊದಲಿನಷ್ಟು ಕುಡಿದರೆ ಏನೂ ಆಗದಿರುವುದು, ಬಿಟ್ಟರೆ ಕೈ ನಡುಗಿ ಬೆವರುವುದು, ಇಂಥ ಲಕ್ಷಣಗಳು ಒಟ್ಟುಗೂಡಿದರೆ ಅದು ‘ಅವಲಂಬನೆ’. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಬಳಸುತ್ತಾರೆ. ಅವಲಂಬನೆಯ ಮಟ್ಟ ಮುಟ್ಟಿದವರು ಮೂರು ಕೋಟಿಗೆ ತುಸು ಕಡಿಮೆ. ಇತ್ತ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಸಮೀಕ್ಷೆಯ ಹೊತ್ತಿಗೆ ಮಾನಸಿಕ ತೊಂದರೆ ಇದ್ದ ವಯಸ್ಕರ ಪ್ರಮಾಣ ಶೇ. 10.6. (ಆ ಮುಖ್ಯ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಅದರ ಪೂರ್ವಪ್ರಯೋಗ ಮಾತ್ರ ನಮ್ಮ ಕೋಲಾರದಲ್ಲಿ ನಡೆದಿತ್ತು.)

ಈ ಎರಡು ಗುಂಪುಗಳು ಎಷ್ಟರಮಟ್ಟಿಗೆ ಒಂದರೊಳಗೊಂದು ಸೇರಿಕೊಂಡಿವೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನ. ಅದರಲ್ಲಿ ಸ್ಕಿಜೋಫ್ರೀನಿಯಾ ಇದ್ದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಜೀವನದ ಯಾವುದೋ ಘಟ್ಟದಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಸಮಸ್ಯೆ ಇತ್ತು. ಹಾಗಾಗಿ ಜೋಡಿ ಸಮಸ್ಯೆಯವರು ಎಲ್ಲೋ ಒಬ್ಬರು ಸಿಗುವವರಲ್ಲ, ದಿನದ ಸಾಲಿನಲ್ಲಿ ನಿಂತಿರುವವರೇ.

ಯಾವುದು ಮೊದಲು ಬಂತು?

ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ಕುಡಿದು ಕುಡಿದು ಹೀಗಾದನೋ, ಹೀಗಾದದ್ದಕ್ಕೆ ಕುಡಿಯತೊಡಗಿದನೋ? ಎರಡೂ ಆಗಬಹುದು. ನಿದ್ದೆಯಿಲ್ಲದ ರಾತ್ರಿಗಳನ್ನು, ಕಿವಿಯಲ್ಲಿ ಕೇಳುವ ದನಿಗಳನ್ನು ತಾಳಲಾರದೆ ಕುಡಿಯುವವರಿದ್ದಾರೆ. ಮದ್ಯ ಒಂದೆರಡು ಗಂಟೆ ಹಗುರ ಮಾಡುತ್ತದೆ, ಆಮೇಲೆ ನಿದ್ದೆಯನ್ನೂ ಮನಸ್ಸನ್ನೂ ಮತ್ತಷ್ಟು ಕೆಡಿಸುತ್ತದೆ. ದೀರ್ಘಕಾಲದ ಕುಡಿತವೇ ಖಿನ್ನತೆ ತರುವುದುಂಟು. ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಗಾಂಜಾ ಸೇದಿದವರಿಗೆ ಸೈಕೋಸಿಸ್, ಅಂದರೆ ಭ್ರಮೆಗೂ ವಾಸ್ತವಕ್ಕೂ ವ್ಯತ್ಯಾಸ ತಿಳಿಯದ ಸ್ಥಿತಿ, ಬರುವ ಸಾಧ್ಯತೆ ಹೆಚ್ಚು. ವಂಶವಾಹಿ, ಬಾಲ್ಯದ ಹಿಂಸೆ, ಬಡತನ ಮೊದಲಾದವು ಎರಡಕ್ಕೂ ಒಟ್ಟಿಗೇ ದಾರಿ ಮಾಡಿಕೊಡುವುದೂ ಉಂಟು.

ತರಬೇತಿಗಳಲ್ಲಿ ಇದಕ್ಕಾಗಿ ಒಂದು ಸರಳ ಅಭ್ಯಾಸ ಮಾಡಿಸುತ್ತಾರೆ. ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು, ಮೇಲುಗಡೆ ಕುಡಿತದ ಕಥೆಯನ್ನೂ ಕೆಳಗಡೆ ಮನಸ್ಸಿನ ಕಥೆಯನ್ನೂ ಗುರುತು ಹಾಕುವುದು. “ಯಾವ ಇಸವಿ?” ಎಂದರೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ, “ಮಗಳು ಹುಟ್ಟಿದಾಗ ಕುಡಿಯುತ್ತಿದ್ದಿರಾ? ಜೈಲಿಗೆ ಹೋಗಿದ್ದ ಆರು ತಿಂಗಳು ಕುಡಿತ ಇರಲಿಲ್ಲವಲ್ಲ, ಆಗಲೂ ದನಿ ಕೇಳುತ್ತಿತ್ತಾ?” ಎಂದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುಡಿಯದೆ ಇದ್ದ ಕಾಲದಲ್ಲೂ ಲಕ್ಷಣಗಳು ಇದ್ದವೆಂದಾದರೆ ಮನೋರೋಗ ತನ್ನದೇ ಕಾಲಿನ ಮೇಲೆ ನಿಂತಿದೆ ಎಂದು ಅರ್ಥ. ಕುಡಿತದಿಂದಲೇ ಬಂದ ಖಿನ್ನತೆಯಾದರೆ, ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಆತ್ಮಹತ್ಯೆಯ ಮಾತು ಬಂದಲ್ಲಿ ನಾಲ್ಕು ವಾರ ಕಾಯುವ ಪ್ರಶ್ನೆಯೇ ಇಲ್ಲ.

ಯಾವುದು ಮೊದಲೆಂದು ಗೊತ್ತಾಗದಿದ್ದರೆ ಚಿಕಿತ್ಸೆ ನಿಲ್ಲಬೇಕೇ? ಬೇಡ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವನ್ನು ನೆನೆದುಕೊಳ್ಳಿ. ಗಾಯಕ್ಕೆ ಡ್ರೆಸಿಂಗ್ ಮಾಡಿ ಸಕ್ಕರೆಯನ್ನು ಬಿಟ್ಟರೆ ಗಾಯ ಮಾಯುವುದಿಲ್ಲ. ಗಾಯದ ಸೋಂಕನ್ನು ಬಿಟ್ಟರೆ ಸಕ್ಕರೆ ಇಳಿಯುವುದಿಲ್ಲ. “ಮೊದಲು ಸಕ್ಕರೆ ಸರಿಮಾಡಿಕೊಂಡು ಬನ್ನಿ, ಆಮೇಲೆ ಗಾಯ ನೋಡೋಣ” ಎಂದು ಯಾವ ವೈದ್ಯರೂ ಕಳಿಸುವುದಿಲ್ಲ. ಜೋಡಿ ಸಮಸ್ಯೆಯಲ್ಲಿ ಮಾತ್ರ ಹಾಗೆ ಕಳಿಸುವುದು ಬಹಳ ಕಾಲ ರೂಢಿಯಾಗಿತ್ತು. ಒಂದಾದ ಮೇಲೆ ಒಂದು ನೋಡುವುದು ಹಳೆಯ ಕ್ರಮ. ಎರಡನ್ನೂ ಬೇರೆ ಬೇರೆ ಕಡೆ ಏಕಕಾಲಕ್ಕೆ ನೋಡುವುದು ನಡುವಿನ ಕ್ರಮ, ಅದರಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಒಂದೇ ತಂಡ ಎರಡನ್ನೂ ನೋಡುವುದಕ್ಕೆ ‘ಸಮನ್ವಿತ ಚಿಕಿತ್ಸೆ’ ಎನ್ನುತ್ತಾರೆ. ಈ ಮೂರನೆಯ ಕ್ರಮಕ್ಕೆ ಎರಡೂ ಬಲ್ಲ ಜನ ಬೇಕು, ತರಬೇತಿಯ ಅಗತ್ಯ ಹುಟ್ಟುವುದು ಇಲ್ಲಿಂದ.

ಕೇಳಲು ಕಲಿಯುವುದು

ಪಾಠ ಶುರುವಾಗುವುದು ಔಷಧದಿಂದಲ್ಲ, ಪ್ರಶ್ನೆಯಿಂದ. ಮನೋವೈದ್ಯಕೀಯ ವಿಭಾಗದಲ್ಲಿ ಪ್ರತಿಯೊಬ್ಬರನ್ನೂ ಕುಡಿತ, ತಂಬಾಕು, ಗಾಂಜಾ, ಮಾತ್ರೆಗಳ ಬಗ್ಗೆ ಕೇಳಬೇಕು. ವ್ಯಸನಮುಕ್ತಿ ಕೇಂದ್ರದಲ್ಲಿ ಪ್ರತಿಯೊಬ್ಬರನ್ನೂ ನಿದ್ದೆ, ಬೇಸರ, ಭಯ, ಕಿವಿಯ ದನಿ, ಸಾಯುವ ಯೋಚನೆಯ ಬಗ್ಗೆ ಕೇಳಬೇಕು. ಹೆಂಗಸರನ್ನು ಕೇಳದೆ ಬಿಡುವುದು ನಮ್ಮಲ್ಲಿ ಸಾಮಾನ್ಯ, ಬಿಡಬಾರದು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಹೊಸ ಸಿಬ್ಬಂದಿಯಲ್ಲಿ ಇರುತ್ತದೆ, ಅದು ನಿಜವಲ್ಲ.

ಕುಡಿತ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು ಅಂಕ 40. 8 ಅಥವಾ ಹೆಚ್ಚು ಬಂದರೆ ಎಚ್ಚರದ ಸೂಚನೆ. ಆದರೆ ಪಟ್ಟಿಯಲ್ಲಿರುವ ‘ಡ್ರಿಂಕ್’ ಎಂಬ ಅಳತೆ ನಮ್ಮ ಜನರದ್ದಲ್ಲ. ಇಲ್ಲಿ ಲೆಕ್ಕ ನಡೆಯುವುದು ಪ್ಯಾಕೆಟ್ಟು, ಕ್ವಾರ್ಟರ್‌ಗಳಲ್ಲಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 42.8. ಆ ಲೆಕ್ಕದಲ್ಲಿ 90 ಎಂ.ಎಲ್. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, 180 ಎಂ.ಎಲ್. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 10 ಗ್ರಾಮಿಗೆ ಒಂದು ಡ್ರಿಂಕ್ ಎಂದು ಹಿಡಿದರೆ “ದಿನಕ್ಕೆ ಒಂದೇ ಕ್ವಾರ್ಟರ್ ಸಾರ್” ಎನ್ನುವವರು ಆರು ಡ್ರಿಂಕ್ ಹೇಳುತ್ತಿದ್ದಾರೆ. ಈ ಗುಣಾಕಾರ ಬಾರದ ಸಿಬ್ಬಂದಿ ‘ಒಂದು’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ.

ಮೂರನೆಯ ರಾತ್ರಿ

ಜೀವ ಉಳಿಸುವ ಪಾಠ ಯಾವುದೆಂದರೆ ಇದು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಕ, ಬೆವರು, ವಾಕರಿಕೆ ಬರುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರಲ್ಲಿ ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಘೋರ ಸ್ಥಿತಿ ಕಾಣಿಸಿಕೊಳ್ಳುತ್ತದೆ.

ಕಾಲು ಮುರಿದು ಮೂಳೆ ವಿಭಾಗಕ್ಕೆ ಸೇರಿದವರೊಬ್ಬರು ಎಂದಿಟ್ಟುಕೊಳ್ಳಿ. ಮೂರನೆಯ ರಾತ್ರಿ ಹಾಸಿಗೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಒರೆಸತೊಡಗುತ್ತಾರೆ, ಎಲ್ಲಿದ್ದೇನೆಂದು ತಿಳಿಯದೆ “ಗಾಡಿ ತೆಗೀರಿ, ಕೆಲಸಕ್ಕೆ ಹೊತ್ತಾಯ್ತು” ಎಂದು ಎದ್ದು ಹೊರಡುತ್ತಾರೆ, ಮೈ ಸುಡುತ್ತಿರುತ್ತದೆ, ನಾಡಿ ಓಡುತ್ತಿರುತ್ತದೆ. ತರಬೇತಿ ಇಲ್ಲದವರ ಕಣ್ಣಿಗೆ ಇದು ‘ಮೆಂಟಲ್ ಕೇಸ್’. ಮನೋರೋಗದಲ್ಲಿ ಹೆಚ್ಚಾಗಿ ದನಿ ಕೇಳಿಸುತ್ತದೆ, ಆದರೆ ಇದು ಯಾವ ಊರು, ಇವತ್ತು ಯಾವ ವಾರ ಎಂಬ ಎಚ್ಚರ ಸಾಮಾನ್ಯವಾಗಿ ಇರುತ್ತದೆ. ಡೆಲಿರಿಯಂನಲ್ಲಿ ಕಣ್ಣಿಗೆ ಏನೇನೋ ಕಾಣುತ್ತದೆ, ದಿಕ್ಕೂ ಹೊತ್ತೂ ತಪ್ಪುತ್ತದೆ, ಕೈ ನಡುಗುತ್ತದೆ. ಅದಕ್ಕೆ ತಕ್ಷಣ ಚಿಕಿತ್ಸೆ ಸಿಗದಿದ್ದರೆ ಸಾವು ಸಂಭವಿಸಬಹುದು. ಆದ್ದರಿಂದ ಸೇರಿಸಿಕೊಳ್ಳುವಾಗಲೇ “ಕೊನೆಯ ಸಲ ಕುಡಿದದ್ದು ಯಾವಾಗ?” ಎಂದು ಕೇಳಿ ಗಂಟೆಯ ಸಮೇತ ಬರೆದಿಡುವುದನ್ನು ಎಲ್ಲ ವಾರ್ಡುಗಳ ನರ್ಸುಗಳಿಗೂ ಕಲಿಸಬೇಕಾಗುತ್ತದೆ. ಕುಡಿತ ಬಿಡಿಸಲೆಂದು ಕೋಣೆಯಲ್ಲಿ ಕೂಡಿಹಾಕುವ ಮನೆಯವರಿಗೂ, ಊರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳ ಸ್ವಯಂಸೇವಕರಿಗೂ, ಠಾಣೆಯ ಪೊಲೀಸರಿಗೂ ಈ ಒಂದು ವಿಷಯ ತಿಳಿದಿದ್ದರೆ ಒಳ್ಳೆಯದು.

ಇದರ ಜೊತೆಗೇ ಬರುವುದು ಗ್ಲೂಕೋಸಿನ ಪಾಠ. ಸುಸ್ತಾದವರಿಗೆ “ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ” ಎಂದು ಮನೆಯವರು ಒತ್ತಾಯಿಸುತ್ತಾರೆ. ಬಹುಕಾಲ ಕುಡಿದವರ ದೇಹದಲ್ಲಿ ಥಯಮಿನ್, ಅಂದರೆ ಬಿ-1 ವಿಟಮಿನ್, ಬರಿದಾಗಿರುತ್ತದೆ. ಸಕ್ಕರೆಯನ್ನು ಶಕ್ತಿಯಾಗಿ ಬಳಸಿಕೊಳ್ಳಲು ಮೆದುಳಿಗೆ ಅದು ಬೇಕು. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇದ್ದಷ್ಟೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತೂರಾಡುತ್ತದೆ, ಕಣ್ಣಿನ ಚಲನೆ ಕೆಡುತ್ತದೆ, ಮುಂದೆ ನೆನಪು ಶಾಶ್ವತವಾಗಿ ಹೋಗುವುದೂ ಉಂಟು. ಥಯಮಿನ್ ಮೊದಲು ಅಥವಾ ಜೊತೆಗೇ ಕೊಡಬೇಕೆಂಬುದು ಇದರಿಂದಲೇ.

ಮಾತ್ರೆಯೂ ಮದ್ಯವೂ ಒಂದೇ ಹೊಟ್ಟೆಯಲ್ಲಿ

“ಕುಡಿದರೆ ಮಾತ್ರೆ ತಗೋಬೇಡಿ” ಎಂಬ ಸಲಹೆಯನ್ನು ಎಲ್ಲರೂ ಕೇಳಿದ್ದೇವೆ. ದಿನವೂ ಕುಡಿಯುವವರು ಇದನ್ನು ಅಕ್ಷರಶಃ ಪಾಲಿಸಿದರೆ ದಿನವೂ ಮಾತ್ರೆ ಬಿಡುತ್ತಾರೆ, ಸ್ಕಿಜೋಫ್ರೀನಿಯಾ ಮರುಕಳಿಸುತ್ತದೆ. ಮದ್ಯದ ಜೊತೆ ನಿದ್ದೆ ಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗಬಹುದು, ಅಲ್ಲಿ ಎಚ್ಚರಿಕೆ ಸರಿಯೇ. ಎಲ್ಲ ಮಾತ್ರೆಗಳಿಗೂ ಅದೇ ಉತ್ತರವಲ್ಲ. ಯಾವ ಮಾತ್ರೆಯನ್ನು ಕುಡಿದ ದಿನ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ, ಅದನ್ನು ಚೀಟಿಯ ಮೇಲೆಯೇ ಬರೆಸಿಕೊಡುವುದು ಸಿಬ್ಬಂದಿ ಕಲಿಯಬೇಕಾದ ಅಭ್ಯಾಸ.

ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಂ ಮಾತ್ರೆಯದು ಇನ್ನೊಂದು ಕಥೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಆ ಭಯವೇ ಅದರ ಚಿಕಿತ್ಸೆ, ಆದ್ದರಿಂದ ತೆಗೆದುಕೊಳ್ಳುವವರಿಗೆ ತಿಳಿದಿರಲೇಬೇಕು. ಸಾರಿನಲ್ಲೋ ಹಿಟ್ಟಿನಲ್ಲೋ ಗುಟ್ಟಾಗಿ ಬೆರೆಸಿ ಕೊಟ್ಟರೆ, ತಿಳಿಯದೆ ಕುಡಿದವರ ಪ್ರಾಣಕ್ಕೇ ಕುತ್ತು ಬರಬಹುದು. ಜೋಡಿ ಸಮಸ್ಯೆಯವರಲ್ಲಿ ಈ ಮಾತ್ರೆಯೇ ಭ್ರಮೆಗಳನ್ನು ಕೆರಳಿಸುವ ಸಾಧ್ಯತೆಯೂ ಇದೆ. ಅದೂ ಅಲ್ಲದೆ, ನಮ್ಮ ಗಾರೆ ಕೆಲಸದವನ ಸಂಶಯ ಏನಿತ್ತು? ಊಟಕ್ಕೆ ಏನೋ ಬೆರೆಸುತ್ತಾರೆ ಎಂದು. ಹೆಂಡತಿ ಕಷ್ಟ ತಾಳಲಾರದೆ ನಿಜವಾಗಿಯೂ ಬೆರೆಸಿದಳೆಂದರೆ, ಆ ಸಂಶಯವನ್ನು ಇನ್ನು ಯಾವ ಮಾತು ಕರಗಿಸೀತು?

ತಂಬಾಕನ್ನು ಲೆಕ್ಕಕ್ಕೇ ಹಿಡಿಯದವರು ಬಹಳ. ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಟಾರ್‌ನ ಅಂಶಗಳು ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪೀನ್, ಒಲಾಂಜಪೀನ್‌ನಂಥ ಔಷಧಗಳನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುತ್ತವೆ. ಹೊರಗೆ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವರು ವಾರ್ಡಿಗೆ ಬಂದು ಸೇದುವುದು ನಿಂತರೆ, ಅದೇ ಡೋಸು ರಕ್ತದಲ್ಲಿ ಏರಿ ಮಂಪರು ಹೆಚ್ಚಬಹುದು. ಮನೆಗೆ ಹೋಗಿ ಮತ್ತೆ ಸೇದತೊಡಗಿದರೆ ಔಷಧ ಸಾಲದಾಗಬಹುದು. ಇಲ್ಲಿ ಪ್ರಭಾವ ಹೊಗೆಯದು, ನಿಕೋಟಿನ್‌ನದಲ್ಲ.

ಬೈಯದೆ ಮಾತಾಡುವುದು

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ‘ಮೋಟಿವೇಶನಲ್ ಇಂಟರ್‌ವ್ಯೂಯಿಂಗ್’ ಎಂಬ ವಿಧಾನವನ್ನು ಈಗ ಈ ಬಗೆಯ ತರಬೇತಿಗಳಲ್ಲಿ ವ್ಯಾಪಕವಾಗಿ ಕಲಿಸುತ್ತಾರೆ. ಬಿಡಬೇಕೆಂಬ ಆಸೆಯೂ ಬಿಡಲಾರೆನೆಂಬ ಅಳುಕೂ ಒಬ್ಬರಲ್ಲೇ ಇರುತ್ತವೆ. ನಾವು “ಬಿಡು” ಎಂದು ಒತ್ತಿದಷ್ಟೂ ಅವರು “ಆಗಲ್ಲ” ಎಂಬುದರ ವಕೀಲರಾಗುತ್ತಾರೆ. ಹಾಗಾಗಿ ಬಿಡುವ ಕಾರಣ ಅವರ ಬಾಯಿಂದಲೇ ಬರುವಂತೆ ಕೇಳಬೇಕು ಎಂಬುದು ಈ ವಿಧಾನದ ತಿರುಳು.

ತರಬೇತಿ ಕೋಣೆಯಲ್ಲಿ ಇದನ್ನು ಇಬ್ಬಿಬ್ಬರು ಎದುರುಬದುರು ಕೂತು ಅಭಿನಯಿಸಿ ಕಲಿಯುತ್ತಾರೆ. ಮೊದಲ ಸುತ್ತಿನಲ್ಲಿ ಬಾಯಿಗೆ ಬರುವುದು ಅಭ್ಯಾಸದ ಮಾತು: “ಏನಪ್ಪಾ, ಹೆಂಡ್ತಿ ಮಕ್ಕಳ ಮುಖನಾದ್ರೂ ನೋಡಬಾರದಾ?” ರೋಗಿಯ ಪಾತ್ರದವರು ತಲೆ ತಗ್ಗಿಸುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಎರಡನೆಯ ಸುತ್ತಿನಲ್ಲಿ: “ಕುಡಿದಾಗ ನಿಮಗೆ ಏನು ಹಗುರ ಆಗುತ್ತೆ, ಹೇಳಿ.” “ಆ ದನಿ ಕಮ್ಮಿ ಆಗುತ್ತೆ ಮೇಡಂ.” “ಮಾರನೆ ದಿನ?” “ಜಾಸ್ತಿ ಆಗುತ್ತೆ.” ಇಷ್ಟರಲ್ಲಿ ಎರಡೂ ರೋಗಗಳ ಸಂಬಂಧವನ್ನು ಅವರೇ ಹೇಳಿಬಿಟ್ಟಿರುತ್ತಾರೆ. ಭ್ರಮೆ ತೀವ್ರವಾಗಿದ್ದಾಗ ಇಂಥ ಮಾತು ಚಿಕ್ಕದಾಗಿರಬೇಕು, ಒಂದು ಸಲಕ್ಕೆ ಒಂದೇ ಪ್ರಶ್ನೆ ಇರಬೇಕು.

‘ಕುಡುಕ’, ‘ಹುಚ್ಚ’ ಎಂಬ ಪದಗಳನ್ನು ಕಡತದಿಂದಲೂ ಬಾಯಿಂದಲೂ ತೆಗೆಯುವುದು ಬರೀ ಸೌಜನ್ಯದ ವಿಷಯವಲ್ಲ. ಎರಡು ಅವಮಾನ ಹೊತ್ತು ಬಂದವರು ಮೂರನೆಯದು ಸಿಕ್ಕಿದರೆ ಮತ್ತೆ ಬರುವುದಿಲ್ಲ.

ಯಾರಿಗೆ ಎಷ್ಟು ಪಾಠ, ಎಷ್ಟು ದಿನ?

ಎಲ್ಲರೂ ಎಲ್ಲವನ್ನೂ ಕಲಿಯಬೇಕಿಲ್ಲ. ಆಶಾ ಕಾರ್ಯಕರ್ತೆಗೆ ಗುರುತಿಸುವುದು, ಮನೆಯವರೊಂದಿಗೆ ಮಾತಾಡುವುದು, ಬಿಟ್ಟುಹೋದವರನ್ನು ಮತ್ತೆ ಕರೆತರುವುದು ಗೊತ್ತಿದ್ದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಯಾರನ್ನು ಅಲ್ಲೇ ನೋಡಬಹುದು, ಯಾರನ್ನು ಕೂಡಲೇ ಜಿಲ್ಲಾಸ್ಪತ್ರೆಗೆ ಕಳಿಸಬೇಕು ಎಂದು ಬೇರ್ಪಡಿಸಬಲ್ಲವರಾಗಬೇಕು. ಆಪ್ತಸಮಾಲೋಚಕರಿಗೆ ಹೆಚ್ಚು ಅಭ್ಯಾಸ ಬೇಕು.

ತಜ್ಞರಲ್ಲದವರಿಗೆ ಮನೋವೈದ್ಯಕೀಯ ಕಲಿಸಬಹುದೆಂಬುದಕ್ಕೆ ದೇಶಕ್ಕೇ ಮಾದರಿ ಸಿಕ್ಕಿದ್ದು ಕರ್ನಾಟಕದಿಂದ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಡಲು ಪ್ರಯೋಗ ಮಾಡಿತು. 1980ರ ದಶಕದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ಆ ‘ಬಳ್ಳಾರಿ ಮಾದರಿ’ಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಒಂದು ದಿನ ಸಭಾಂಗಣದಲ್ಲಿ ಸ್ಲೈಡು ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿಯಿಂದ ತಿಳಿವಳಿಕೆ ಸ್ವಲ್ಪ ಹೆಚ್ಚಬಹುದು, ನಡವಳಿಕೆ ಬದಲಾಗುವುದು ಕಷ್ಟ. ಈಜು ಕಲಿಸಿದಂತೆಯೇ ಇದು; ನೀರಿಗಿಳಿದ ಮೇಲೂ ದಡದಲ್ಲಿ ಒಬ್ಬರು ನಿಂತಿರಬೇಕು. ಹೀಗೆ ನಿಲ್ಲುವ ಒಂದು ದಾರಿ ‘ಎಕೋ’ ಪದ್ಧತಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್-ಸಿ ಚಿಕಿತ್ಸೆಗೆಂದು ಇದನ್ನು ಶುರುಮಾಡಿದರು. ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ಅಳವಡಿಸಿಕೊಂಡಿದೆ. ದೂರದ ಜಿಲ್ಲೆಯ ವೈದ್ಯರೋ ಸಮಾಲೋಚಕರೋ ವಿಡಿಯೋ ಕರೆಯಲ್ಲಿ ತಮ್ಮದೇ ಒಬ್ಬ ರೋಗಿಯ ಸ್ಥಿತಿಯನ್ನು ಹೆಸರು ಹೇಳದೆ ವಿವರಿಸುತ್ತಾರೆ. ಮಿಕ್ಕ ಜಿಲ್ಲೆಗಳವರು ಪ್ರಶ್ನೆ ಕೇಳುತ್ತಾರೆ, ತಜ್ಞರು ಕೊನೆಗೆ ಸೇರಿಸುತ್ತಾರೆ. ಮುಂದಿನ ಬಾರಿ ಅದೇ ರೋಗಿ ಏನಾದರೆಂದು ಹೇಳಬೇಕಾಗುತ್ತದೆ.

ಮರುಕಳಿಸುವಿಕೆಯನ್ನು ಎದುರಿಸುವ ಪಾಠ ಇಂಥಲ್ಲಿಯೇ ಚೆನ್ನಾಗಿ ಹತ್ತುವುದು. ನಾಲ್ಕನೆಯ ಬಾರಿ ಕುಡಿದು ಬಂದವರನ್ನು ಕಂಡಾಗ ಸಿಬ್ಬಂದಿಗೆ ಬೇಸರ ಬರುವುದು ಸಹಜ. “ಇವರು ಸುಧಾರಿಸುವವರಲ್ಲ” ಅನಿಸಿಬಿಡುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಮನೋರೋಗದ ಮಾತ್ರೆ ಯಾವತ್ತು ನಿಂತಿತು, ಕುಡಿತ ಯಾವತ್ತು ಶುರುವಾಯಿತು? ಎಷ್ಟೋ ಸಲ ಮಾತ್ರೆ ತೀರಿ, ಮತ್ತೆ ತರಲು ಬರುವ ದಿನ ತಪ್ಪಿ, ನಿದ್ದೆ ಕೆಟ್ಟು, ಆಮೇಲೆ ಕುಡಿತ ಬಂದಿರುತ್ತದೆ.

ತರಬೇತಿ ಫಲ ಕೊಟ್ಟಿದೆಯೇ ಎಂದು ನೋಡಲು ಹಾಜರಿ ಪಟ್ಟಿಯನ್ನು ಎಣಿಸುವುದಕ್ಕಿಂತ ಆರು ತಿಂಗಳ ಮೇಲೆ ಕಡತಗಳನ್ನು ತೆರೆಯುವುದು ಮೇಲು. ವ್ಯಸನಮುಕ್ತಿ ಕೇಂದ್ರದ ಕಡತದಲ್ಲಿ ಸಾಯುವ ಯೋಚನೆಯ ಬಗ್ಗೆ ಕೇಳಿ ಬರೆದ ಸಾಲು ಇದೆಯೇ, ಮಾನಸಿಕ ವಿಭಾಗದ ಕಡತದಲ್ಲಿ ಕೊನೆಯ ಸಲ ಕುಡಿದ ದಿನ ಮತ್ತು ಗಂಟೆ ಇದೆಯೇ, ಮತ್ತು ಆ ಗಾರೆ ಕೆಲಸದವನಂಥವರನ್ನು ಬೇರೆ ಕಡೆ ಕಳಿಸಿದ್ದರೆ, ಅಲ್ಲಿಗೆ ಮುಟ್ಟಿದರೇ ಎಂದು ಫೋನ್ ಮಾಡಿ ತಿಳಿದುಕೊಂಡವರ ಸಹಿ ಇದೆಯೇ.